ಹುಣಸೆಹಣ್ಣಿಗೆ ಅರಿವಳಿಕೆ

ಪೇಟೆಂಟ್ ಅರ್ಜಿ ಹಾಕುವುದು ಏನು ಮಹಾ ವಿದ್ಯೆ ಎಂದು ನಾನು ಕೇಳಿದಾಗ ನನಗೆ ಐವತ್ತನಾಲ್ಕು ವರ್ಷ. ಬುದ್ಧಿ ಬಲಿತಿರಬೇಕಾದ ವಯಸ್ಸೇ! ತುಮಕೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷದಿಂದ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಸರಾಸರಿ, ಮಧ್ಯಾಂಕ, ಸಂಭವನೀಯತೆ ಎಲ್ಲ ನಾಲಿಗೆಯ ತುದಿಯಲ್ಲಿವೆ. ನಮ್ಮ ರಸ್ತೆಯಲ್ಲಿ ಯಾರಿಗೆ ಯಾವ ಫಾರಂ ತುಂಬಬೇಕಾದರೂ ಮೊದಲು ನಮ್ಮ ಮನೆಯ ಗೇಟೇ ಕಿರ್ರೆನ್ನುತ್ತದೆ. ಇಂಥವನಿಗೆ ಇನ್ನೊಂದು ಸರ್ಕಾರಿ ಫಾರಂ ಯಾವ ಲೆಕ್ಕ?

ಯಂತ್ರ ನನ್ನದಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ನನ್ನ ಹೆಂಡತಿ ಸುಮಿತ್ರಳ ತಮ್ಮ ನಂಜುಂಡನದು. ಕುಣಿಗಲ್‌ನಲ್ಲಿ ಅವನದೊಂದು ವೆಲ್ಡಿಂಗ್ ಶಾಪ್ ಇದೆ. ಓದಿದ್ದು ಐಟಿಐ. ಹುಣಸೆ ಸುಗ್ಗಿ ಬಂತೆಂದರೆ ಹಾಗಲವಾಡಿಯಲ್ಲಿ ನಮ್ಮ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಮುಂದೆ ಕೂತು, ಮರದ ಕೊಡತಿಯಲ್ಲಿ ಹಣ್ಣು ಕುಟ್ಟಿ ಕುಟ್ಟಿ ಬೀಜ ಬಿಡಿಸುತ್ತಿದ್ದರು. ವರ್ಷಗಟ್ಟಲೆ ಕುಟ್ಟಿ ಅವರ ಬಲಗೈ ಹೆಬ್ಬೆರಳು ಮಡಚದಂತಾಯಿತು. ಅದನ್ನು ನೋಡಲಾರದೆ ನಂಜುಂಡ ಯಂತ್ರ ಮಾಡಲು ಹೊರಟ. ಹಳೇ ಗ್ರೈಂಡರ್ ಮೋಟರು, ಸ್ಕೂಟರಿನ ಚೈನು, ಎರಡು ರಬ್ಬರ್ ರೋಲರು, ಕೆಳಗೊಂದು ಜರಡಿ. ರೋಲರುಗಳ ನಡುವಿನ ಸಂದು ಒಂಚೂರು ಕಮ್ಮಿಯಾದರೆ ಬೀಜ ಪುಡಿ, ಒಂಚೂರು ಹೆಚ್ಚಾದರೆ ಹಣ್ಣು ಹಾಗೇ ಇಡಿಯಾಗಿ ಕೆಳಗೆ. ಆ ಸಂದು ಎಷ್ಟಿರಬೇಕು, ರೋಲರಿಗೆ ಗೀರು ಎಲ್ಲಿ ಹಾಕಬೇಕು ಎಂದು ಕಂಡುಹಿಡಿಯುವುದಕ್ಕೇ ಅವನಿಗೆ ಮೂರು ಸುಗ್ಗಿ ಬೇಕಾಯಿತು. ನಾಲ್ಕನೇ ಸುಗ್ಗಿಗೆ ಯಂತ್ರದ ಒಂದು ಕಡೆ ಬೀಜ, ಇನ್ನೊಂದು ಕಡೆ ನಾರು, ಮುಂದುಗಡೆ ಶುದ್ಧವಾದ ಹಣ್ಣು ಬಿದ್ದವು!

ಮಾರನೇ ದಿನವೇ ನಂಜುಂಡ ತುಮಕೂರಿಗೆ ನಮ್ಮ ಮನೆಗೆ ಬಂದ.

"ಭಾವ, ಇದುಕ್ಕೆ ಪೇಟೆಂಟ್ ಮಾಡುಸ್ಬೇಕು," ಎಂದ. "ಹಂಗೇ ಹೊರಗೆ ಬುಟ್ರೆ ದೊಡ್ಡ ವರ್ಕ್‌ಶಾಪ್‌ನೋರು ಒಂದೇ ವಾರದಲ್ಲಿ ಕಾಪಿ ಹೊಡೀತಾರೆ. ಅವ್ರ ಹತ್ರ ಇಪ್ಪತ್ತ್ ಜನ ಅವ್ರೆ. ನನ್ ಹತ್ರ ನಾನೊಬ್ನೇ. ಪೇಟೆಂಟ್ ಆಗೋಗಂಟ ಮಿಷನ್ನ ಯಾರ್ಗೂ ತೋರ್ಸಲ್ಲ. ನೀವು ಓದಿರೋರು, ನೀವೇ ಬರ್ಕೊಡಿ."

"ಅದೇನ್ ಮಹಾ ವಿದ್ಯೆನೋ! ಬಿಡು, ನಾನಿದೀನಿ," ಎಂದೆ.

ಅಡುಗೆಮನೆಯಿಂದ ಸುಮಿತ್ರ ಇಣುಕಿ ನೋಡಿದಳು. "ಅದೊಂದ್ ಮಾತ್ ಕೇಳ್ದಾಗ್ಲೆಲ್ಲ ನಂಗೆ ಭಯ ಆಗುತ್ತೆ ಕಣೋ ನಂಜುಂಡ," ಎಂದಳು. ಇದು ವಿನಾಕಾರಣ ನಿಂದನೆ ಎಂದು ಆಗ ನಾನು ಭಾವಿಸಿದ್ದೆ.

ನನ್ನ ಹಳೇ ವಿದ್ಯಾರ್ಥಿನಿ ರೂಪ ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟ್ ಆಗಿದ್ದಾಳೆ. ಇಂಥ ಅರ್ಜಿಗಳನ್ನು ಬರೆದು ಸಲ್ಲಿಸುವುದೇ ಅವಳ ವೃತ್ತಿ. ಔಪಚಾರಿಕವಾಗಿ ಅವಳಿಗೊಂದು ಫೋನ್ ಮಾಡಿದೆ. ಅರ್ಜಿ ಹಾಕಿದ ಮೇಲೆ ಅದು ಆಯಾ ವಿಷಯದ ಪರೀಕ್ಷಕರ ಬಳಿಗೆ ಹೋಗುತ್ತದೆ, ಅವರು ಆಕ್ಷೇಪಣೆಗಳ ವರದಿ ಕಳಿಸುತ್ತಾರೆ, ನಾವು ಉತ್ತರ ಕೊಡಬೇಕು, ಕೊನೆಗೆ ಮೇಲಿನ ಅಧಿಕಾರಿ ತೀರ್ಮಾನಿಸುತ್ತಾರೆ ಎಂದು ವಿವರಿಸಿದಳು. ಮಾತಿನ ನಡುವೆ ಒಂದು ಕಿಡಿಯನ್ನೂ ಹಾರಿಸಿದಳು.

"ಸಾರ್, ಒಬ್ಬೊಬ್ಬ ಪರೀಕ್ಷಕರ ಅಂಕಿಅಂಶಾನೂ ತೆಗೀಬೋದು. ಅವ್ರ ಹತ್ರ ಹೋದ ಅರ್ಜಿಗಳಲ್ಲಿ ಎಷ್ಟು ಪಾಸಾಯ್ತು, ಎಷ್ಟು ತಿರಸ್ಕಾರ ಆಯ್ತು, ಯಾವ ಥರ ಆಕ್ಷೇಪಣೆ ಎತ್ತುತಾರೆ ಅಂತ. ಕೇಸು ಯಾರ ಹತ್ರ ಹೋಗಿದೆ ಅಂತ ಗೊತ್ತಾದ್ಮೇಲೆ ಉತ್ತರ ಬರೆಯೋಕೆ ಅನುಕೂಲ ಆಗುತ್ತೆ. ಆದ್ರೆ ಸಾರ್, ಮೊದ್ಲು ಮಿಷನ್ ಏನು, ಯಾವುದಕ್ಕೆ, ಹೇಗ್ ಕೆಲ್ಸ ಮಾಡುತ್ತೆ ಅಂತ ಬಿಡಿಸಿ ಬಿಡಿಸಿ ಬರೀಬೇಕು. ಬೇಕಾದ್ರೆ ನಾನೇ ಬರ್ಕೊಡ್ತೀನಿ."

ನನ್ನ ಕಿವಿ 'ಅಂಕಿಅಂಶ' ಎಂಬಲ್ಲಿಗೇ ನಿಂತುಹೋಗಿತ್ತು. ಉಳಿದದ್ದು ಬರೀ ಸದ್ದು. ಅಲ್ಲದೆ ಈ ಹುಡುಗಿ ದ್ವಿತೀಯ ಪಿಯುಸಿಯಲ್ಲಿ ನನ್ನ ವಿಷಯದಲ್ಲಿ ಎರಡು ಕಿರುಪರೀಕ್ಷೆ ಡುಮ್ಕಿ ಹೊಡೆದವಳು. ಅವಳಿಂದ ನಾನು ಅರ್ಜಿ ಬರೆಸಿಕೊಳ್ಳುವುದೇ? "ಬೇಡಮ್ಮ, ನಾನೇ ನೋಡ್ಕೊಳ್ತೀನಿ," ಎಂದು ಗಂಭೀರವಾಗಿ ಫೋನ್ ಇಟ್ಟೆ.

ಪ್ರಕಟವಾದ ಅರ್ಜಿಗಳು, ಪರೀಕ್ಷಕರ ವರದಿಗಳು, ಆದೇಶಗಳು ಎಲ್ಲವೂ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ. ಯಾರು ಬೇಕಾದರೂ ನೋಡಬಹುದು. ಅಂದಿನಿಂದ ನಾನು ಸ್ಟಾಫ್ ರೂಮಿನಲ್ಲಿ ಬಿಡುವಿನ ಪೀರಿಯಡ್‌ಗಳನ್ನೆಲ್ಲ ಅದಕ್ಕೇ ಮುಡಿಪಾಗಿಟ್ಟೆ. ಒಂದೊಂದೇ ಕಡತ ತೆರೆಯುವುದು, ಪರೀಕ್ಷಕರ ಹೆಸರು ಗುರುತು ಹಾಕಿಕೊಳ್ಳುವುದು, ಎಕ್ಸೆಲ್‌ನಲ್ಲಿ ಬಣ್ಣ ತುಂಬುವುದು. ಪಾಸಾಗಿದ್ದರೆ ಹಸಿರು, ತಿರಸ್ಕಾರವಾಗಿದ್ದರೆ ಕೆಂಪು. ನಾಲ್ಕು ತಿಂಗಳಲ್ಲಿ ಪರೀಕ್ಷಕರೆಲ್ಲ ನನಗೆ ಮನೆಯವರಂತಾಗಿಬಿಟ್ಟರು. ಹೆಸರು ಹಿಡಿದು ಕರೆಯುವುದು ಸರಿಯಲ್ಲವೆಂದು ಒಬ್ಬೊಬ್ಬರಿಗೂ ಒಂದೊಂದು ಬಿರುದು ದಯಪಾಲಿಸಿದೆ. ವರ್ಷಗಟ್ಟಲೆ ಕಡತ ಮುಟ್ಟದವರು ನಿಧಾನಪ್ಪ. ಅಲ್ಪವಿರಾಮಕ್ಕೂ ಆಕ್ಷೇಪಣೆ ಎತ್ತುವವರು ಕತ್ತರಿ. ಬಂದದ್ದನ್ನೆಲ್ಲ ಹಸಿರು ಮಾಡಿ ಕಳಿಸುವ ಒಬ್ಬ ಮಹಿಳೆಯಿದ್ದರು. ಅವರು ಕರುಣಾಮಯಿ!

"ಇವತ್ತು ಕತ್ತರಿ ಇನ್ನಿಬ್ಬರನ್ನ ಕತ್ತರಿಸಿದಾನೆ ಕಣೇ," ಎಂದು ಊಟಕ್ಕೆ ಕೂತಾಗ ಸುಮಿತ್ರಳಿಗೆ ವರದಿ ಒಪ್ಪಿಸುತ್ತಿದ್ದೆ.

"ರೀ, ನನ್ನ ನೋಡೋಕ್ ಬಂದಾಗ ನೀವು ಒಂದ್ ಕಾಫಿ ಕುಡಿದು ಆಗ್ಲಿ ಅಂದ್ಬಿಟ್ರಿ. ನನ್ ಬಗ್ಗೆ ಇದ್ರಲ್ಲಿ ಕಾಲು ಭಾಗಾನೂ ವಿಚಾರಿಸ್ಲಿಲ್ಲ. ಅವ್ನ ಅರ್ಜಿ ಯಾವಾಗ್ ಹಾಕ್ತೀರಿ?"

"ವೈಜ್ಞಾನಿಕವಾಗಿ ಮಾಡ್ಬೇಕು ಕಣೇ!"

ವಿಜ್ಞಾನದ ಫಲಿತಾಂಶ ಆಘಾತಕಾರಿಯಾಗಿತ್ತು. ಕೃಷಿ, ಆಹಾರ ಸಂಸ್ಕರಣೆಯ ಯಂತ್ರಗಳಲ್ಲಿ ಹೆಚ್ಚಿನವು ಕತ್ತರಿಯ ಕೈಗೇ ಹೋಗುತ್ತಿದ್ದವು. ಕರುಣಾಮಯಿಯವರು ನೋಡುತ್ತಿದ್ದದ್ದು ವೈದ್ಯಕೀಯ ಉಪಕರಣಗಳನ್ನು. ಅವರ ಹೆಸರಿನ ಮುಂದಿದ್ದ ಕಡತಗಳು ಕೈಬೆರಳಲ್ಲಿ ಎಣಿಸುವಷ್ಟೇ ಇದ್ದವು. ಇಷ್ಟು ಸಣ್ಣ ಮಾದರಿಯನ್ನು ನಂಬಿ ತೀರ್ಮಾನಕ್ಕೆ ಬಂದ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತೇನೆ. ಆದರೆ ಕಣ್ಣ ಮುಂದೆ ಪೂರ್ತಿ ಹಸಿರು ಕಾಣುವಾಗ ಪಾಠವೆಲ್ಲ ಯಾರಿಗೆ ನೆನಪಿರುತ್ತದೆ?

ನಾನು ಐತಿಹಾಸಿಕ ನಿರ್ಣಯ ಕೈಗೊಂಡೆ. ಹುಣಸೆಹಣ್ಣು ಕತ್ತರಿಯ ಕೈಗೆ ಸಿಗಬಾರದು. ಅದು ಆಸ್ಪತ್ರೆಗೆ ಹೋಗಬೇಕು!

ಮುಂದಿನ ಮೂರು ಭಾನುವಾರ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಹುಣಸೆಹಣ್ಣು ಎಂಬ ಪದ ಬರುವಲ್ಲೆಲ್ಲ 'ಮೃದು ಅಂಗಾಂಶ' ಎಂದು ಹಾಕಿದೆ. ಬೀಜ 'ಗಡಸು ಪಿಂಡ' ಆಯಿತು. ನಾರು 'ತಂತುಜಾಲ' ಆಯಿತು. ರಬ್ಬರ್ ರೋಲರು 'ಸೌಮ್ಯ ಮರ್ದನ ಸಾಧನ'ವಾಗಿ ಬಡ್ತಿ ಪಡೆಯಿತು. ಶೀರ್ಷಿಕೆಯನ್ನಂತೂ ಬರೆದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ: 'ಮೃದು ಅಂಗಾಂಶದಿಂದ ಗಡಸು ಪಿಂಡಗಳನ್ನು ಹಾನಿಯಿಲ್ಲದೆ ಹೊರತೆಗೆಯುವ ಉಪಕರಣ.' ಎಂಥ ಗಾಂಭೀರ್ಯ! ರೋಲರುಗಳ ಸಂದಿನ ಅಳತೆಯಂಥ ವೆಲ್ಡಿಂಗ್ ಶಾಪಿನ ವಿಷಯಗಳನ್ನೆಲ್ಲ, ಘನತೆಗೆ ಕುಂದೆಂದು, ಕೈಬಿಟ್ಟೆ. ನಂಜುಂಡ ಬರೆದುಕೊಟ್ಟ ಚಿತ್ರಗಳನ್ನೂ ಅತ್ತೆ ಹೇಳಿದ ಹಿಂದುಮುಂದಿನ ಕ್ರಮವನ್ನೂ ಮಾತ್ರ ಇದ್ದಂತೆಯೇ ಸೇರಿಸಿದೆ.

ಪ್ರತಿ ತೆಗೆದು ನಂಜುಂಡನಿಗೆ ತೋರಿಸಿದೆ. ಅವನು ಗ್ರೀಸು ತಾಗದಂತೆ ಎರಡು ಬೆರಳಲ್ಲಿ ಹಾಳೆ ಹಿಡಿದು, ಬಹಳ ಹೊತ್ತು ನೋಡಿದ.

"ಭಾವ, ಇದ್ರಲ್ಲಿ ಹುಣ್ಸೆಹಣ್ಣು ಅಂತ ಎಲ್ಲೈತೆ?"

"ಅದೇ ಕಣೋ ಗುಟ್ಟು! ಎಲ್ಲೂ ಇಲ್ಲ!"

"ಮತ್ತೆ ಅವ್ರಿಗೆ ಹೆಂಗ್ ಗೊತ್ತಾಗುತ್ತೆ?"

"ಗೊತ್ತಾಗಬಾರ್ದು ಅಂತ್ಲೇ ನಾಲ್ಕು ತಿಂಗಳು ಕೂತು ಲೆಕ್ಕ ಹಾಕಿದ್ದು. ಒಂದ್ಸಲ ಪಾಸಾಗ್ಲಿ, ಆಮೇಲೆ ಹೇಳೋಣ."

ನಂಜುಂಡ ತಲೆ ಕೆರೆದುಕೊಂಡ. "ಏನೋ ಬುಡಿ ಭಾವ, ನೀವು ಓದಿರೋರು," ಎಂದು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

ಅರ್ಜಿ ಸಲ್ಲಿಕೆಯಾಯಿತು, ನಂಬರೂ ಬಂತು. ಇನ್ನು ಯಂತ್ರವನ್ನು ಹೊರಗೆ ತೋರಿಸಲು ಅಡ್ಡಿಯಿಲ್ಲವೆಂದು ನಾನೇ ಅಪ್ಪಣೆ ಕೊಟ್ಟೆ. ನಂಜುಂಡ ಗೂಡ್ಸ್ ಆಟೋದಲ್ಲಿ ಅದನ್ನು ಹೇರಿಕೊಂಡು ಹಾಗಲವಾಡಿಗೆ ಹೋದ, ಕೊತ್ತಗೆರೆಗೆ ಹೋದ, ಗುಬ್ಬಿ ಸಂತೆಯಲ್ಲೂ ಓಡಿಸಿ ತೋರಿಸಿದ. ಜನ ಮುಗಿಬಿದ್ದು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ನಮ್ಮ ಅತ್ತೆ ಕೊಡತಿಯನ್ನು ಅಟ್ಟಕ್ಕೆ ಎಸೆದು, "ನನ್ ಮಗ ಮಾಡವ್ನೆ, ನನ್ ಮಗ!" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಹೀಗೆ ಎರಡು ಸುಗ್ಗಿ ಕಳೆಯಿತು.

ಒಂದು ದಿನ ಕಾಲೇಜಿನಲ್ಲಿದ್ದಾಗ ಪೇಟೆಂಟ್ ಕಚೇರಿಯಿಂದ ಇಮೇಲ್ ಬಂತು. ಪರೀಕ್ಷಕರ ವರದಿ! ತೆರೆದು, ಏನನ್ನೂ ಓದದೆ ನೇರ ಕೊನೆಯ ಪುಟಕ್ಕೆ ಹೋಗಿ ಹೆಸರು ನೋಡಿದೆ. ಕರುಣಾಮಯಿ!

ನಾನು ಸ್ಟಾಫ್ ರೂಮಿನಲ್ಲಿ ಕುಣಿಯುವುದೊಂದು ಬಾಕಿ. ಅಟೆಂಡರ್ ಕೈಯಲ್ಲಿ ಮೈಸೂರು ಪಾಕು ತರಿಸಿ ಇಡೀ ಸ್ಟಾಫಿಗೆ ಹಂಚಿದೆ. ಕನ್ನಡ ಮೇಷ್ಟ್ರು ಕೈ ಕುಲುಕಿದರು. ಪ್ರಾಂಶುಪಾಲರು ಎರಡನೇ ತುಂಡು ತೆಗೆದುಕೊಂಡು, "ಅಂಕಿಅಂಶದ ಶಕ್ತಿ ಅಂದ್ರೆ ಇದು!" ಎಂದರು. ಎಲ್ಲರೂ ಬೆರಳು ನೆಕ್ಕಿಕೊಂಡು ಹೋದ ಮೇಲೆ ವರದಿಯ ಒಳಗೇನಿದೆ ಎಂದು ನೋಡಿದೆ.

ಕರುಣಾಮಯಿಯವರು ಬಹಳ ವಿನಯದಿಂದ ಕೇಳಿದ್ದರು. ಚಿತ್ರ ಎರಡರಲ್ಲಿ ತೋರಿಸಿರುವ, ಬಿಲ್ಲಿನಂತೆ ಬಾಗಿದ, ಗಂಟು ಗಂಟಾದ ಅಂಗವು ಮಾನವ ಶರೀರದ ಯಾವ ಭಾಗ? ಚೈನು ಮತ್ತು ಮೋಟರು ಚಾಲೂ ಆಗುವ ಮುನ್ನ ರೋಗಿಗೆ ಅರಿವಳಿಕೆ ಕೊಡುವ ವ್ಯವಸ್ಥೆ ಏನು? 'ಪ್ರಕ್ರಿಯೆಗೆ ಮೊದಲು ಎರಡು ದಿನ ಬಿಸಿಲಿನಲ್ಲಿ ಒಣಗಿಸತಕ್ಕದ್ದು' ಎಂದಿರುವುದರ ವೈದ್ಯಕೀಯ ಅಗತ್ಯವೇನು? 'ಪ್ರಕ್ರಿಯೆಯ ನಂತರ ಉಪ್ಪು ಬೆರೆಸಿ ಮಡಕೆಯಲ್ಲಿ ತುಂಬಿಡತಕ್ಕದ್ದು' ಎಂದಿರುವುದು ಅಂಗಾಂಶವನ್ನೋ, ರೋಗಿಯನ್ನೋ? ಅಲ್ಲದೆ ಮನುಷ್ಯರಿಗೆ ಚಿಕಿತ್ಸೆ ನೀಡುವ ವಿಧಾನಕ್ಕೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಕೊಡಲು ಬರುವುದೇ ಇಲ್ಲ.

ಸುಮಿತ್ರಳಿಗೆ ಓದಿ ಹೇಳಿದೆ. ಒಗ್ಗರಣೆ ಸೌಟು ಹಿಡಿದವಳು ಅದನ್ನು ಹಾಗೇ ಕೆಳಗಿಟ್ಟು, ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಶಿವನೇ! ರೋಗೀನ ಬಿಸ್ಲಲ್ಲಿ ಒಣಗಿಸಿ, ಉಪ್ಪು ಹಾಕಿ..." ಆಮೇಲೆ ಥಟ್ಟನೆ ನಗು ನಿಲ್ಲಿಸಿದಳು. "ರೀ, ನಂಜುಂಡನ ಗತಿ ಏನು ಈಗ?"

"ಏನೂ ಆಗಲ್ಲ ಕಣೇ. ಅಂಗಾಂಶ ಅಂದ್ರೆ ಹುಣಸೆಹಣ್ಣು ಅಂತ ತಿದ್ದಿ ಕಳಿಸಿದ್ರೆ ಆಯ್ತು," ಎಂದು ರೂಪಳಿಗೆ ಫೋನ್ ಮಾಡಿದೆ.

ಅವಳು ಅರ್ಜಿ ತರಿಸಿಕೊಂಡು ಓದಿದಳು. ಮೊದಲು ಒಂದು ವಿಚಿತ್ರ ಸದ್ದು ಬಂತು. ಗುರುವಿನ ಮೇಲಿನ ಗೌರವದಿಂದ ನಗು ನುಂಗಿಕೊಂಡದ್ದು. ಆಮೇಲೆ ನಿಧಾನವಾಗಿ ಹೇಳಿದಳು. "ಸಾರ್, ಮೊದಲನೇ ದಿನ ಅರ್ಜಿಯಲ್ಲಿ ಏನಿತ್ತೋ ಅಷ್ಟೇ. ಅದ್ರಲ್ಲಿ ಇಲ್ಲದ್ದನ್ನ ಆಮೇಲೆ ಸೇರ್ಸೋಕೆ ಬರಲ್ಲ. ಹುಣಸೆಹಣ್ಣು ಅಂತ ಒಂದು ಕಡೆಯಾದ್ರೂ ಬರ್ದಿದ್ರೆ..."

"ಹೊಸದಾಗಿ ಇನ್ನೊಂದು ಅರ್ಜಿ ಹಾಕೋಣಮ್ಮ."

"ಮಿಷನ್ ಆಗ್ಲೇ ಹೊರಗೆ ತೋರ್ಸಿದೀರಾ ಸಾರ್?"

ಹಾಗಲವಾಡಿ, ಕೊತ್ತಗೆರೆ, ಗುಬ್ಬಿ ಸಂತೆ, ಎಲ್ಲರ ಮೊಬೈಲು! ಊರುಗಳ ಹೆಸರನ್ನು ಒಂದೊಂದಾಗಿ ಒಪ್ಪಿಸಿದೆ. ಅವಳು, "ಎಲ್ಲರಿಗೂ ಗೊತ್ತಾಗಿರೋದು ಹೊಸದು ಅಂತ ಆಗಲ್ಲ ಸಾರ್," ಎಂದಳು. ಕಿರುಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು ಯಾರು, ಪಾಸಾದವರು ಯಾರು ಎಂದು ಆ ಕ್ಷಣ ನನಗೆ ಸ್ಪಷ್ಟವಾಗಿ ತಿಳಿಯಿತು.

ಆದರೂ ಉತ್ತರ ಬರೆದು ಕಳಿಸಿದೆ. ವಿಚಾರಣೆಗೆ ದಿನ ಗೊತ್ತಾಯಿತು. ವಿಡಿಯೋದಲ್ಲಿ, ನಮ್ಮ ಮನೆಯ ಹಾಲಿನಲ್ಲೇ. ನಂಜುಂಡ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಒಂದು ಕವರಿನಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ಬೀಜ ತಂದಿದ್ದ. "ಸಾಹೇಬ್ರಿಗೆ ಕಣ್ಣಾರೆ ತೋರ್ಸೋಣ ಭಾವ, ಒಂದೂ ಬೀಜ ಒಡೆದಿಲ್ಲ," ಎಂದ. ಸುಮಿತ್ರ ಕ್ಯಾಮೆರಾಗೆ ಕಾಣದ ಕಡೆ ಕುರ್ಚಿ ಹಾಕಿಕೊಂಡು ಕೂತಳು.

ಅಧಿಕಾರಿ ಸೌಮ್ಯವಾದ ಮನುಷ್ಯ. ನಮ್ಮ ಪುಣ್ಯಕ್ಕೆ ಕನ್ನಡವೂ ಬರುತ್ತಿತ್ತು. ನಾನು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ. "ಸನ್ಮಾನ್ಯರೇ, ಸದರಿ ಪರೀಕ್ಷಕರ ಇತಿಹಾಸವನ್ನು ಅವಲೋಕಿಸಿದಾಗ, ಇವರು ಈವರೆಗೆ ಯಾವ ಅರ್ಜಿಯನ್ನೂ..."

"ಪರೀಕ್ಷಕರ ವಿಷಯ ಬಿಡಿ. ಈ ಯಂತ್ರ ರೋಗಿಗೆ ಏನು ಮಾಡುತ್ತೆ ಹೇಳಿ," ಎಂದರು ಅಧಿಕಾರಿ.

ನಾನು ಬಾಯಿ ತೆರೆಯುವ ಮೊದಲೇ ನಂಜುಂಡ ಕವರು ಎತ್ತಿ ಕ್ಯಾಮೆರಾಗೆ ಹಿಡಿದ. "ರೋಗಿಗಲ್ಲ ಸಾ, ಹುಣ್ಸೆಹಣ್ಗೆ! ಇಲ್ನೋಡಿ ಸಾ, ಬೀಜ ಬೇರೆ, ಹಣ್ಣು ಬೇರೆ. ನಮ್ಮವ್ವಂಗೆ ಕೈ ಹೋಗಿತ್ತು ಸಾ, ಅದುಕ್ಕೇ ಮಾಡಿದ್ದು."

ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡು ಪರದೆಗೆ ಹತ್ತಿರ ಬಂದು ನೋಡಿದರು. ಅವರ ಮುಖ ಅರಳಿತು. "ಒಳ್ಳೇ ಕೆಲಸ ಮಾಡಿದೀರಲ್ಲ! ನಮ್ಮ ತಾಯೀನೂ ಹೀಗೇ ಕುಟ್ತಿದ್ರು. ಇದು ಅರ್ಜಿಯಲ್ಲಿ ಯಾವ ಪುಟದಲ್ಲಿದೆ?"

ನಂಜುಂಡ ನನ್ನ ಮುಖ ನೋಡಿದ. ನಾನು ಸುಮಿತ್ರಳ ಮುಖ ನೋಡಿದೆ. ಅವಳು ಫ್ಯಾನು ನೋಡಿದಳು. ಅಧಿಕಾರಿ ಅರ್ಜಿಯಲ್ಲಿ ಹುಣಸೆಹಣ್ಣಿನ ಇಂಗ್ಲಿಷ್ ಪದ ಹಾಕಿ ಹುಡುಕಿದರು. ಸಿಕ್ಕಿದ್ದು ಸೊನ್ನೆ. "ಇದ್ದಿದ್ದರೆ ಯೋಚನೆ ಮಾಡಬಹುದಿತ್ತು. ಇಲ್ಲದ್ದನ್ನ ನಾನೂ ಸೇರಿಸೋಕಾಗಲ್ಲ," ಎಂದು ನಿಜವಾದ ಬೇಸರದಿಂದಲೇ ಹೇಳಿದರು. ವಾರದೊಳಗೆ ತಿರಸ್ಕಾರದ ಆದೇಶ ಬಂತು. ಕರುಣಾಮಯಿಯವರ ಹಸಿರು ಪಟ್ಟಿಯಲ್ಲಿ ಮೊದಲ ಕೆಂಪು ಚೌಕಕ್ಕೆ ನಾನೇ ನನ್ನ ಕೈಯಾರೆ ಬಣ್ಣ ತುಂಬಿದೆ. ದತ್ತಾಂಶದ ವಿಷಯದಲ್ಲಿ ಅಪ್ರಾಮಾಣಿಕತೆ ಸಲ್ಲದು!

ನಂಜುಂಡ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. "ನೀನು ಹೋಗಿ ಅವ್ನ ಅಂಗ್ಡೀಲಿ ಕೂತ್ಕೊಂಡಾದ್ರೂ ಬನ್ರೀ, ಒಬ್ನೇ ಕಷ್ಟ ಪಡ್ತಾವ್ನೆ," ಎಂದು ಗೌರವ, ಏಕವಚನ ಎಲ್ಲ ಕಲಸಿ ಸುಮಿತ್ರ ನನ್ನನ್ನು ಒಂದು ಭಾನುವಾರ ಕುಣಿಗಲ್ ಬಸ್ಸು ಹತ್ತಿಸಿದಳು. ನಾನು ಹೋದಾಗ ನಂಜುಂಡ ವೆಲ್ಡಿಂಗ್ ರಾಡು ತರಲು ಹೊರಟಿದ್ದ. "ಬಂದ್ರಾ ಭಾವ, ಒಂದರ್ಧ ಗಂಟೆ ನೋಡ್ಕಳಿ," ಎಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೋದ. ಹೇಗಾದರೂ ಮಾಡಿ ಈ ಹುಡುಗನಿಗೆ ಒಂದು ಉಪಕಾರ ಮಾಡಲೇಬೇಕೆಂದು ನನ್ನ ಜೀವ ಒದ್ದಾಡುತ್ತಿತ್ತು.

ಅವಕಾಶ ಹತ್ತೇ ನಿಮಿಷದಲ್ಲಿ ಬಂತು. ಬೈಕಿನಿಂದ ಇಳಿದ ಒಬ್ಬ ಸಭ್ಯಸ್ಥ ಯಂತ್ರದ ಮುಂದೆ ನಿಂತು, "ಹುಣಸೆಹಣ್ಣಿನ ಮಿಷನ್ ಇದೇನಾ ಸಾರ್? ಅಳತೆ ತಗೋಬೋದಾ?" ಎಂದ. ಗಿರಾಕಿ! ಯಂತ್ರ ತನ್ನ ಮನೆಯ ಬಾಗಿಲಲ್ಲಿ ಒಳಗೆ ಹೋಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದಾನೆ, ಪಾಪ.

"ಧಾರಾಳವಾಗಿ! ಕೊಡಿ, ಟೇಪಿನ ಈ ತುದಿ ನಾನ್ ಹಿಡ್ಕೊಳ್ತೀನಿ," ಎಂದೆ.

ಅವನು ಒಂದೊಂದು ಕಡೆ ಒಂದೊಂದೇ ಸಲ ಅಳೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಹಾಗೆ ಅಳೆದ್ರೆ ದೋಷ ಬರುತ್ತೆ ಸ್ವಾಮಿ," ಎಂದು ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ತೆಗೆದುಕೊಟ್ಟೆ. ರೋಲರುಗಳ ಸಂದು ಟೇಪಿಗೆ ಸಿಗಲಿಲ್ಲ. ನಂಜುಂಡನ ಡ್ರಾಯರು ತೆಗೆದು, ಅವನದೇ ಕ್ಯಾಲಿಪರ್ ಹುಡುಕಿ, ಅದನ್ನೂ ಅಳೆದೆ. ಗೀರುಗಳ ಆಳ, ಜರಡಿಯ ಕಣ್ಣು, ಚೈನಿನ ಚಕ್ರದ ಹಲ್ಲು, ಯಾವುದನ್ನೂ ಬಿಡಲಿಲ್ಲ. ಬಿಲ್ ಪುಸ್ತಕದ ಹಿಂದೆ ಕರಡು ಬರೆದು, ಗೆರೆ ಎಳೆದು, ಅಂದವಾದ ಪಟ್ಟಿ ಮಾಡಿ ಅವನ ಕೈಗಿತ್ತೆ. ಅವನು ಭಾವುಕನಾಗಿ ಎರಡೂ ಕೈ ಮುಗಿದು, ಒಂದು ಕಾರ್ಡು ಕೊಟ್ಟು ಹೋದ.

ನಂಜುಂಡ ಬಂದ ಕೂಡಲೇ ಎದ್ದು ನಿಂತೆ. "ಒಬ್ಬ ಗಿರಾಕಿ ಬಂದಿದ್ದ ಕಣೋ! ನಾನೇ ಎಲ್ಲ ಅಳೆದು ಬರ್ಕೊಟ್ಟೆ. ಭಾರೀ ಖುಷಿಯಾಗಿ ಹೋದ!"

ನಂಜುಂಡ ಕಾರ್ಡು ಇಸಿದುಕೊಂಡು ಓದಿದ. ಬೆಂಗಳೂರಿನ ಯಾವುದೋ ಕೃಷಿ ಯಂತ್ರ ತಯಾರಿಕೆಯ ವರ್ಕ್‌ಶಾಪು. ಹೆಸರಿನ ಕೆಳಗೆ 'ಡಿಸೈನ್ ವಿಭಾಗ' ಎಂದಿತ್ತು. ಅವನು ಕಾರ್ಡನ್ನು ಮೇಜಿನ ಮೇಲಿಟ್ಟು, ಬಿಲ್ ಪುಸ್ತಕ ತಿರುಗಿಸಿ, ನನ್ನ ಕರಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದ. ಮೇಲೆ ನಾನು ದಪ್ಪಕ್ಷರದಲ್ಲಿ ಶೀರ್ಷಿಕೆಯನ್ನೂ ಕೊಟ್ಟಿದ್ದೆ: 'ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರ.'

"ಒಂದೂ ತಪ್ಪಿಲ್ಲ ಭಾವ," ಎಂದ ನಂಜುಂಡ. "ಇದುನ್ನೇ ಆವತ್ತು ಅರ್ಜೀಲಿ ಬರ್ದಿದ್ರೆ ಆಗೋಗಿತ್ತು."

ಆಮೇಲೆ ನನ್ನ ಕೈಯಿಂದ ಮೆಲ್ಲಗೆ ಕ್ಯಾಲಿಪರ್ ಬಿಡಿಸಿಕೊಂಡು, ಡ್ರಾಯರಿಗೆ ಹಾಕಿ, ಬೀಗ ಹಾಕಿದ.